ಒಂದು ಲಕ್ಷ ಕಂಠಗಳಿಗೆ ಎರಡೂವರೆ ಅಂಕ

ಪ್ರಶ್ನೆ: ನನ್ನ ಮಗಳು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳ ದೆಸೆಯಿಂದ ನಮಗೂ ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವ ಅಭ್ಯಾಸ ಹತ್ತಿಕೊಂಡಿದೆ. 2025ರ ಡಿಸೆಂಬರ್‌ನಲ್ಲಿ ಅವರ ತಂಡ, ಲಕ್ಷಕ್ಕೂ ಹೆಚ್ಚು ಜನ ತುಂಬಿದ್ದ ಸ್ವಂತ ಮೈದಾನದಲ್ಲೇ ಮಯಾಮಿಗೆ 3-10ರಿಂದ ಸೋತಿತು. ತವರು ಮೈದಾನದ ಲಾಭ ಎಂಬುದು ಈಗಲೂ ಇದೆಯೇ, ಅಥವಾ ಬರಿಯ ಹಳೆಯ ನಂಬಿಕೆಯೇ? ಮನೆಯಲ್ಲಿ ಫಲಿತಾಂಶ ಊಹಿಸುವ ಆಟ ಆಡುತ್ತೇವೆ. ತವರು ತಂಡಕ್ಕೆ ಎಷ್ಟು ಅಂಕ ಸೇರಿಸಿಕೊಳ್ಳಬೇಕು?

ಉತ್ತರ: ಲಾಭ ಇದೆ. ಆದರೆ ಅದು ಟಿ.ವಿ. ವೀಕ್ಷಕ ವಿವರಣೆಕಾರರು ಹೇಳುವಷ್ಟು ದೊಡ್ಡದಲ್ಲ. ಲಾಸ್ ವೇಗಸ್‌ನ ಬಾಜಿ ಕಂಪನಿಗಳು ಬಹುಕಾಲ ತವರು ತಂಡಕ್ಕೆ ಕಣ್ಣು ಮುಚ್ಚಿ ಮೂರು ಅಂಕ ಸೇರಿಸುತ್ತಿದ್ದವು. ಈಗ ಎರಡರಿಂದ ಎರಡೂವರೆ ಅಂಕ ಎಂಬುದು ಈ ವಿಷಯವನ್ನು ಬಲ್ಲವರ ಸಾಮಾನ್ಯ ಲೆಕ್ಕ. ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸುವ ಒಂದು ಫೀಲ್ಡ್ ಗೋಲ್‌ಗೆ ಮೂರು ಅಂಕ ಸಿಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಅಂದರೆ ಲಕ್ಷ ಜನ ಗಂಟಲು ಹರಿದುಕೊಂಡು ಸಂಪಾದಿಸಿಕೊಡುವುದು ಒಂದು ಒದೆತಕ್ಕಿಂತ ಕಡಿಮೆ. ಕಾಲೇಜು ಪಂದ್ಯಗಳ ಅಂತರ ನಿರೀಕ್ಷೆಗಿಂತ ಸುಮಾರು 16 ಅಂಕಗಳಷ್ಟು ಆಚೀಚೆ ಏರಿಳಿಯುತ್ತದೆ. ಆ ಏರಿಳಿತದ ನಡುವೆ ಎರಡೂವರೆ ಅಂಕವನ್ನು ಇಟ್ಟು ನೋಡಿದರೆ, ಸಮಬಲದ ಎರಡು ತಂಡಗಳ ನಡುವಿನ 100 ಪಂದ್ಯಗಳಲ್ಲಿ ಆತಿಥೇಯರು ಸುಮಾರು 56 ಗೆಲ್ಲುತ್ತಾರೆ, ಅತಿಥಿಗಳು 44. ಇದನ್ನು ಸಣ್ಣದು ಎಂದು ತಳ್ಳಿಹಾಕುವಂತಿಲ್ಲ. ಆದರೆ ನೀವು ನೋಡಿದ ಒಂದು ಪಂದ್ಯದ ಸೋಲು ಅದನ್ನು ಅಲ್ಲಗಳೆಯುವುದೂ ಇಲ್ಲ.

ಆ ಪಂದ್ಯವನ್ನೇ ಇನ್ನೊಮ್ಮೆ ನೋಡಿ. ಕೊನೆಯ ಎರಡು ನಿಮಿಷದ ಹತ್ತಿರ ಬರುವವರೆಗೂ ಸ್ಕೋರು 3-3. ಮಯಾಮಿಯಂಥ ತಂಡ ಅಷ್ಟು ಹೊತ್ತು ಬರೀ ಮೂರು ಅಂಕಕ್ಕೆ ಕಟ್ಟುಬಿದ್ದಿತ್ತು. ಪ್ರೇಕ್ಷಕರಿಂದ ಏನು ಸಾಧ್ಯವೋ ಅದನ್ನು ಅವರು ಆ ದಿನ ಮಾಡಿದ್ದರು ಎನ್ನಬೇಕು. ಗದ್ದಲವೆಂಬ ಆಯುಧ ಒಂದೇ ದಿಕ್ಕಿಗೆ ಹಾರುತ್ತದೆ: ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ ಅವರ ಆಟವನ್ನು ಕೆಡಿಸಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಸ್ವಂತ ತಂಡದ ಕೈಗೆ ಚೆಂಡು ಬಂದ ಕೂಡಲೇ ಅಭಿಮಾನಿಗಳೇ ಬಾಯಿ ಮುಚ್ಚಿ ಕೂರಬೇಕು, ಇಲ್ಲವಾದರೆ ತಮ್ಮವರದೇ ಸೂಚನೆ ತಮ್ಮವರಿಗೆ ಕೇಳಿಸುವುದಿಲ್ಲ. ಕೊನೆಯಲ್ಲಿ ಎ ಅಂಡ್ ಎಂ ಮಯಾಮಿಯ ಗೋಲ್ ರೇಖೆಯ ಹತ್ತಿರ ಬಂದು ಎಸೆದ ಪಾಸ್, ಆ ರೇಖೆಯಾಚೆಯ ಎಂಡ್ ಜೋನ್‌ನಲ್ಲಿ ಎದುರಾಳಿಯ ಕೈ ಸೇರಿತಲ್ಲ, ಅದಕ್ಕೆ ಪ್ರೇಕ್ಷಕರು ಏನು ಮಾಡಬಹುದಿತ್ತು? ಅದಕ್ಕೂ ಐದು ವಾರ ಮೊದಲು, ನವೆಂಬರ್ 15ರಂದು, ಇದೇ ತವರು ಮೈದಾನ ಕೈಲ್ ಫೀಲ್ಡ್‌ನಲ್ಲಿ ಸೌತ್ ಕ್ಯಾರೊಲೈನಾ ವಿರುದ್ಧ 3-30ರಿಂದ ಹಿಂದಿದ್ದ ಎ ಅಂಡ್ ಎಂ, ದ್ವಿತೀಯಾರ್ಧದಲ್ಲಿ ಎದುರಾಳಿಗೆ ಒಂದೂ ಅಂಕ ಬಿಟ್ಟುಕೊಡದೆ 31-30ರಿಂದ ಗೆದ್ದಿತ್ತು. ಎರಡೂ ಪಂದ್ಯಗಳಲ್ಲಿ ಗದ್ದಲ ತನ್ನ ಪಾಲಿನ ಕೆಲಸ ಮಾಡಿತು. ಅಂಕ ಗಳಿಸಬೇಕಾದವರು ಒಂದರಲ್ಲಿ ಗಳಿಸಿದರು, ಇನ್ನೊಂದರಲ್ಲಿ ಗಳಿಸಲಿಲ್ಲ, ಅಷ್ಟೇ.

ಎರಡೂವರೆ ಅಂಕ ಎಂದು ಹೇಳುವುದಾದರೂ ಹೇಗೆ ಎಂದು ನೀವು ಕೇಳಬಹುದು. ಸರಳವಾದ ವಿಧಾನ ಒಂದಿದೆ. ಎರಡು ತಂಡಗಳು ಒಬ್ಬರ ಮನೆಯಲ್ಲಿ ಒಮ್ಮೆ, ಇನ್ನೊಬ್ಬರ ಮನೆಯಲ್ಲಿ ಒಮ್ಮೆ ಆಡಿದರೆ, ಆ ಎರಡು ಫಲಿತಾಂಶಗಳ ವ್ಯತ್ಯಾಸದ ಅರ್ಧವೇ ತವರಿನ ಲಾಭ. 2025ರಲ್ಲಿ ಅಲಬಾಮಾ ಮತ್ತು ಓಕ್ಲಹೋಮಾ ಹೀಗೆ ಎರಡು ಸಲ ಎದುರಾದವು. ನವೆಂಬರ್‌ನಲ್ಲಿ ಟಸ್ಕಲೂಸಾದಲ್ಲಿ ಅಲಬಾಮಾ ತನ್ನ ಜನರೆದುರೇ 21-23ರಿಂದ ಸೋತಿತು. ಡಿಸೆಂಬರ್‌ನಲ್ಲಿ, ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ, ಓಕ್ಲಹೋಮಾದ ಊರು ನಾರ್ಮನ್‌ಗೆ ಹೋಗಿ, 0-17ರಿಂದ ಹಿಂದೆ ಬಿದ್ದಿದ್ದರೂ 34-24ರಿಂದ ಗೆದ್ದಿತು. ಲೆಕ್ಕ ಹಾಕಿ: ಮನೆಯಲ್ಲಿ ಅಲಬಾಮಾಗೆ ಮೈನಸ್ 2, ಹೊರಗೆ ಪ್ಲಸ್ 10, ವ್ಯತ್ಯಾಸದ ಅರ್ಧ ಮೈನಸ್ 6. ಈ ಜೋಡಿಯನ್ನು ಮಾತ್ರ ನಂಬಿದರೆ ತವರು ಮೈದಾನ ಆರು ಅಂಕಗಳ ಶಾಪ ಎನ್ನಬೇಕಾಗುತ್ತದೆ! ಒಂದೆರಡು ಪಂದ್ಯ ಇಟ್ಟುಕೊಂಡು ವಾದ ಮಾಡುವವರು ಈ ಮೈನಸ್ ಆರನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು.

ಒಂದು ತಂಡ ವರ್ಷಕ್ಕೆ ಆರೋ ಏಳೋ ಪಂದ್ಯಗಳನ್ನು ತವರಿನಲ್ಲಿ ಆಡುತ್ತದೆ. ಪ್ರತಿ ಪಂದ್ಯದ ಏರಿಳಿತ 16 ಅಂಕ ಎಂದಾದರೆ, ಏಳು ಪಂದ್ಯಗಳ ಸರಾಸರಿಯಲ್ಲೂ ಸುಮಾರು ಆರು ಅಂಕಗಳ ಅನಿಶ್ಚಿತತೆ ಉಳಿಯುತ್ತದೆ. ಎರಡೂವರೆ ಅಂಕದ ವಸ್ತುವನ್ನು ಆರು ಅಂಕ ಅಲುಗಾಡುವ ತಕ್ಕಡಿಯಲ್ಲಿ ತೂಗಿದಂತೆ. ಆದ್ದರಿಂದಲೇ "ದೇಶದಲ್ಲೇ ಅತ್ಯಂತ ಕಠಿಣ ಮೈದಾನ ಯಾವುದು" ಎಂಬ ಪಟ್ಟಿಗಳನ್ನು ನಾನು ಮನರಂಜನೆ ಎಂದಷ್ಟೇ ಓದುತ್ತೇನೆ. ನೂರಾರು ಪಂದ್ಯಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ತವರಿನ ಲಾಭ ಕಣ್ಣಿಗೆ ಬೀಳುತ್ತದೆ.

ಇನ್ನು ಈ ವಿಷಯದಲ್ಲಿ ಜನ ಹೆಚ್ಚಾಗಿ ಮೋಸಹೋಗುವ ಜಾಗಕ್ಕೆ ಬರೋಣ. ಕಾಲೇಜು ಫುಟ್‌ಬಾಲ್‌ನ ಎಲ್ಲ ಪಂದ್ಯಗಳನ್ನು ಗುಡ್ಡೆ ಹಾಕಿ ಎಣಿಸಿದರೆ ತವರು ತಂಡಗಳು ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಗೆಲ್ಲುತ್ತವೆ. ಈ ಅಂಕಿಯನ್ನು ತೋರಿಸಿ "ನೋಡಿ, ತವರಿನ ಶಕ್ತಿ" ಎನ್ನುವವರಿದ್ದಾರೆ. ಅದರಲ್ಲಿ ಒಂದು ದೊಡ್ಡ ಭಾಗ ದುಡ್ಡು ಕೊಟ್ಟು ಕೊಂಡ ಗೆಲುವು. ಸೆಪ್ಟೆಂಬರ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ಸಣ್ಣ ವಿಶ್ವವಿದ್ಯಾಲಯಗಳನ್ನು ಹಣ ಕೊಟ್ಟು ಕರೆಸಿಕೊಳ್ಳುತ್ತವೆ. ಸಣ್ಣ ತಂಡ ಬರುತ್ತದೆ, ಸೋಲುತ್ತದೆ, ಚೆಕ್ಕು ಪಡೆದು ಹೋಗುತ್ತದೆ. ಆ ಹಣದಲ್ಲಿ ಅವರ ಇತರ ಕ್ರೀಡೆಗಳ ಖರ್ಚು ನಡೆಯುತ್ತದೆ. ಆತಿಥೇಯರಿಗೆ ಟಿಕೆಟ್ಟಿನ ಆದಾಯ, ಜೊತೆಗೆ ಒಂದು ಗೆಲುವು. ಇದು ಮೈದಾನದ ಮಹಿಮೆಯಲ್ಲ, ವೇಳಾಪಟ್ಟಿಯ ಮಹಿಮೆ. ಈ ಪಂದ್ಯಗಳನ್ನು ಬದಿಗಿಟ್ಟು, ಒಂದೇ ಕಾನ್ಫರೆನ್ಸಿನ, ಅಂದರೆ ಒಂದೇ ಕೂಟದ, ತಂಡಗಳು ತಮ್ಮೊಳಗೆ ಆಡುವುದನ್ನಷ್ಟೇ ನೋಡಿದರೆ ಆತಿಥೇಯರ ಗೆಲುವು ನೂರಕ್ಕೆ ಐವತ್ತೈದರ ಆಸುಪಾಸಿಗೆ ಇಳಿಯುತ್ತದೆ.

ಕೊಂಡ ಗೆಲುವು ಕೆಲವೊಮ್ಮೆ ಕೈಕೊಡುವುದೂ ಉಂಟು. 2007ರ ಸೆಪ್ಟೆಂಬರ್ 1ರಂದು ಮಿಷಿಗನ್ ವಿಶ್ವವಿದ್ಯಾಲಯ ನಾಲ್ಕು ಲಕ್ಷ ಡಾಲರ್ ಕೊಟ್ಟು ಅಪಲಾಚಿಯನ್ ಸ್ಟೇಟ್ ತಂಡವನ್ನು ಆನ್ ಆರ್ಬರ್‌ಗೆ ಕರೆಸಿ 32-34ರಿಂದ ಸೋತಿತು. 2022ರ ಸೆಪ್ಟೆಂಬರ್ 10ರಂದು ಒಂದೇ ದಿನ ಮೂರು ಆತಿಥೇಯರಿಗೆ ಇದೇ ಗತಿಯಾಯಿತು. ನಿಮ್ಮ ಮಗಳ ಎ ಅಂಡ್ ಎಂ ಹದಿನೈದು ಲಕ್ಷ ಡಾಲರ್ ಕೊಟ್ಟು ಅದೇ ಅಪಲಾಚಿಯನ್ ಸ್ಟೇಟ್‌ಗೆ 14-17ರಿಂದ ಶರಣಾಯಿತು, ನೋಟ್ರ ಡೇಮ್ ಮಾರ್ಷಲ್‌ಗೆ ಸೋತಿತು, ನೆಬ್ರಾಸ್ಕಾ ಜಾರ್ಜಿಯಾ ಸದರ್ನ್‌ಗೆ ಸೋತು ಮರುದಿನ ತರಬೇತುದಾರನನ್ನೇ ಮನೆಗೆ ಕಳಿಸಿತು. 2024ರಲ್ಲಿ ನೋಟ್ರ ಡೇಮ್ ಹದಿನಾಲ್ಕು ಲಕ್ಷ ಡಾಲರ್ ಕೊಟ್ಟು ನಾರ್ದರ್ನ್ ಇಲಿನಾಯ್‌ಗೆ 14-16ರಿಂದ ಮಣಿಯಿತು. ಅದೇ ನೋಟ್ರ ಡೇಮ್ ಆ ಋತುವಿನಲ್ಲಿ ರಾಷ್ಟ್ರೀಯ ಫೈನಲ್‌ವರೆಗೂ ಹೋಯಿತು ಎಂಬುದು ಬೇರೆ ಮಾತು.

ಹಾಗಾದರೆ ಉಳಿದ ಆ ಎರಡೂವರೆ ಅಂಕ ಎಲ್ಲಿಂದ ಬರುತ್ತದೆ? ಗದ್ದಲದಿಂದಲೇ ಶುರುಮಾಡೋಣ. ಈ ಆಟದಲ್ಲಿ ಹನ್ನೊಂದು ಜನ ಒಂದೇ ಕ್ಷಣಕ್ಕೆ ಚಲಿಸಬೇಕು. ಆ ಕ್ಷಣ ಯಾವುದೆಂದು ಆಟ ನಡೆಸುವ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೂಗಿ ತಿಳಿಸುತ್ತಾನೆ. ಕೂಗು ಕೇಳಿಸದಿದ್ದರೆ ಮುಂಚೂಣಿಯ ಆಟಗಾರ ಒಂದೋ ಮೊದಲೇ ಅಲುಗುತ್ತಾನೆ, ಆಗ ಫಾಲ್ಸ್ ಸ್ಟಾರ್ಟ್ ಎಂದು ಐದು ಗಜ ದಂಡ. ಅಥವಾ ಅರೆಕ್ಷಣ ತಡವಾಗಿ ಏಳುತ್ತಾನೆ, ಅಷ್ಟರಲ್ಲಿ ಎದುರಾಳಿ ಅವನನ್ನು ದಾಟಿ ಹೋಗಿರುತ್ತಾನೆ. ದಂಡ ಎಲ್ಲರಿಗೂ ಕಾಣುತ್ತದೆ. ಆ ಅರೆಕ್ಷಣದ ವಿಳಂಬ ಯಾವ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ, ಆದರೆ ಹಾನಿ ಹೆಚ್ಚು ಮಾಡುವುದು ಅದೇ ಎಂಬುದು ನನ್ನ ಅಭಿಪ್ರಾಯ. ಅತಿಥಿ ತಂಡಗಳು ಇದಕ್ಕೆ ಕೂಗಿಲ್ಲದ ಲಯವನ್ನು ಅಭ್ಯಾಸ ಮಾಡಿಕೊಂಡು ಬರುತ್ತವೆ: ಪಕ್ಕದವನು ಮಧ್ಯದವನ ತೊಡೆ ತಟ್ಟುತ್ತಾನೆ, ಮಧ್ಯದವನು ತಲೆ ಅಲ್ಲಾಡಿಸಿ ಚೆಂಡು ಹಿಂದಕ್ಕೆ ಬಿಡುತ್ತಾನೆ. ವಾರವಿಡೀ ಅಭ್ಯಾಸದ ಮೈದಾನದಲ್ಲಿ ಧ್ವನಿವರ್ಧಕ ಹಚ್ಚಿ ಗದ್ದಲದಲ್ಲೇ ತಾಲೀಮು ನಡೆಯುತ್ತದೆ.

ಇಲ್ಲಿ ಜನರ ಸಂಖ್ಯೆಗಿಂತ ಕಟ್ಟಡದ ಆಕಾರ ಮುಖ್ಯ. ಮಿಷಿಗನ್ ಕ್ರೀಡಾಂಗಣದ ಸಾಮರ್ಥ್ಯ 1,07,601; ಅಮೆರಿಕದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಆದರೆ ಅದು ಅಗಲವಾದ, ತಗ್ಗು ಇಳಿಜಾರಿನ ಬೋಗುಣಿ; ಸದ್ದು ಆಕಾಶಕ್ಕೆ ಹೋಗಿಬಿಡುತ್ತದೆ. 2010ರಲ್ಲಿ ಎರಡೂ ಪಕ್ಕದಲ್ಲಿ ಐಷಾರಾಮಿ ಕೊಠಡಿಗಳ ಎತ್ತರದ ಗೋಡೆ ಎದ್ದ ಮೇಲೆ ಗದ್ದಲ ಸ್ವಲ್ಪ ಒಳಗೇ ಉಳಿಯತೊಡಗಿತು. ಅದರ ಅರ್ಧದಷ್ಟು, ಸುಮಾರು 54,000 ಆಸನಗಳ ಆರೆಗನ್‌ನ ಆಟ್‌ಜನ್ ಕ್ರೀಡಾಂಗಣ ಕಡಿದಾಗಿ, ಮೈದಾನಕ್ಕೆ ಅಂಟಿಕೊಂಡಂತೆ ಇದೆ. ಅಲ್ಲಿಗೆ ಹೋದ ತಂಡಗಳು ಸದ್ದಿನ ಬಗ್ಗೆ ಹೆಚ್ಚು ದೂರುತ್ತವೆ. ಲೂಯಿಸಿಯಾನಾ ಸ್ಟೇಟ್‌ನ ಟೈಗರ್ ಕ್ರೀಡಾಂಗಣದಲ್ಲಿ 1988ರ ಅಕ್ಟೋಬರ್ 8ರಂದು ಆಬರ್ನ್ ವಿರುದ್ಧ ಗೆಲುವಿನ ಟಚ್‌ಡೌನ್ (ಚೆಂಡನ್ನು ಎಂಡ್ ಜೋನ್‌ಗೆ ಒಯ್ದು ಗಳಿಸುವ ಅಂಕ) ಬಿದ್ದಾಗ ಎದ್ದ ಕುಣಿತ, ಕ್ಯಾಂಪಸ್ಸಿನ ಭೂವಿಜ್ಞಾನ ವಿಭಾಗದ ಭೂಕಂಪಮಾಪಕದಲ್ಲಿ ದಾಖಲಾಯಿತು. ಸ್ಕೋರು ಮಾತ್ರ 7-6. ಭೂಮಿಯೇ ನಡುಗಿದರೂ ಅಂತರ ಒಂದೇ ಅಂಕ!

ಗದ್ದಲದ ಬಲ ಈಗ ಸ್ವಲ್ಪ ಕುಗ್ಗಿದೆ, ಅದಕ್ಕೆ ನಿರ್ದಿಷ್ಟ ಕಾರಣವೂ ಇದೆ. 2024ರಿಂದ ಮೇಲ್ದರ್ಜೆಯ ಕಾಲೇಜು ತಂಡಗಳಲ್ಲಿ ತರಬೇತುದಾರ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗಿನ ರೇಡಿಯೊ ಮೂಲಕ ನೇರವಾಗಿ ಮಾತನಾಡಬಹುದು. ಹೆಲ್ಮೆಟ್ ಹಿಂಭಾಗದಲ್ಲಿ ಹಸಿರು ಚುಕ್ಕೆ ಇರುವವನೇ ಆತ. ಮುಂದಿನ ಆಟಕ್ಕೆ ಉಳಿದಿರುವ ಸಮಯ 15 ಸೆಕೆಂಡಿಗೆ ಇಳಿದಾಗ ಸಂಪರ್ಕ ತಾನಾಗಿ ಕಡಿದುಹೋಗುತ್ತದೆ. ಮೊದಲು ಅಂಚಿನಲ್ಲಿ ನಿಂತು ಕೈಸನ್ನೆ, ಚಿತ್ರಫಲಕ ತೋರಿಸುತ್ತಿದ್ದ ಕಾಲಕ್ಕೆ ಹೋಲಿಸಿದರೆ ಅತಿಥಿಗಳಿಗೆ ಇದು ದೊಡ್ಡ ನೆಮ್ಮದಿ. ಆದರೆ ಕ್ವಾರ್ಟರ್‌ಬ್ಯಾಕ್‌ಗೆ ಕೇಳಿಸಿದ್ದನ್ನು ಅವನು ಉಳಿದ ಹತ್ತು ಜನರಿಗೆ ದಾಟಿಸಬೇಕು. ಅಲ್ಲಿ ಗದ್ದಲ ಇನ್ನೂ ಅಡ್ಡ ನಿಂತೇ ಇದೆ.

ರೆಫರಿಗಳ ಪಾತ್ರವನ್ನು ಅಭಿಮಾನಿಗಳು ಒಪ್ಪಿಕೊಳ್ಳುವುದು ಕಷ್ಟ, ಅದರಲ್ಲೂ ತವರಿನ ಅಭಿಮಾನಿಗಳು. ಜನರ ಕೂಗು ತೀರ್ಪುಗಾರನ ಮನಸ್ಸನ್ನು ತುಸು ವಾಲಿಸುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಸಿಕ್ಕಿದ್ದು ಕೋವಿಡ್ ಕಾಲದಲ್ಲಿ. 2020ರ ಮೇ ತಿಂಗಳಲ್ಲಿ ಜರ್ಮನಿಯ ಬುಂಡೆಸ್ಲಿಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಶುರುವಾದಾಗ ಆತಿಥೇಯರ ಗೆಲುವು ಇಳಿಯಿತು, ಅತಿಥಿಗಳಿಗೆ ಹೆಚ್ಚು ಹಳದಿ ಕಾರ್ಡು ಬೀಳುವ ಹಳೆಯ ಪರಿಪಾಠವೂ ಬಹುತೇಕ ಅಳಿಸಿಹೋಯಿತು. ಅದು ನಮ್ಮ ಕಾಲ್ಚೆಂಡಾಟ, ಇದು ಬೇರೆ ಆಟ, ನಿಜ. ಆದರೆ ಅದೇ ವರ್ಷ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲೂ ತವರು ತಂಡಗಳು 127 ಗೆದ್ದು 128 ಸೋತವು, ಒಂದು ಸಮವಾಯಿತು; ಆ ಲೀಗ್‌ನಲ್ಲಿ ತವರು ತಂಡಗಳು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದ ಮೊದಲ ಋತು ಅದು. 2005ರ ಹೊತ್ತಿಗೆ ಕಾಲೇಜು ಆಟದಲ್ಲಿ ವಿಡಿಯೊ ಮರುಪರಿಶೀಲನೆ ವ್ಯಾಪಕವಾಗಿ ಬಂದದ್ದು ಈ ವಾಲುವಿಕೆಯನ್ನು ಕಡಿಮೆ ಮಾಡಿತು. ಪೂರ್ತಿ ಅಳಿಸಲಿಲ್ಲ: 2006ರಲ್ಲಿ ಆರೆಗನ್ ತನ್ನ ನೆಲದಲ್ಲಿ ಓಕ್ಲಹೋಮಾವನ್ನು 34-33ರಿಂದ ಸೋಲಿಸಿದಾಗ, ವಿಡಿಯೊ ನೋಡಿದ ಮೇಲೂ ತಪ್ಪು ತೀರ್ಪು ನೀಡಿದ್ದಕ್ಕಾಗಿ ಅಧಿಕಾರಿಗಳು ಅಮಾನತಾದರು.

ಅಯೋವಾದಲ್ಲಿ ಹೇಡನ್ ಫ್ರೈ ಎಂಬ ತರಬೇತುದಾರರು ಅತಿಥಿ ತಂಡದ ಕೊಠಡಿಗೆ ಗುಲಾಬಿ ಬಣ್ಣ ಹೊಡೆಸಿದ್ದರು. ಮನಃಶಾಸ್ತ್ರ ಓದಿದವರು, ಗುಲಾಬಿ ಮನಸ್ಸನ್ನು ಮೆದುವಾಗಿಸುತ್ತದೆ ಎಂಬುದು ಅವರ ಲೆಕ್ಕ. ಕೊಠಡಿ ಇಂದಿಗೂ ಗುಲಾಬಿಯಾಗಿಯೇ ಇದೆ. ಅದರ ಲಾಭವನ್ನು ನಾನು ಸೊನ್ನೆ ಎಂದು ಬರೆದುಕೊಳ್ಳುತ್ತೇನೆ. ವಯೋಮಿಂಗ್‌ನ ಎತ್ತರ ಹಾಗಲ್ಲ. ಅಲ್ಲಿನ ಮೈದಾನ ಸಮುದ್ರ ಮಟ್ಟದಿಂದ 7,220 ಅಡಿ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರ. ಬಯಲುಸೀಮೆಯಿಂದ ಹಿಂದಿನ ದಿನವಷ್ಟೇ ಬಂದಿಳಿದ ತಂಡಕ್ಕೆ ಪಂದ್ಯದ ಕೊನೆಯ ಕಾಲುಭಾಗವಾದ ನಾಲ್ಕನೆಯ ಕ್ವಾರ್ಟರ್‌ನಲ್ಲಿ ಉಸಿರು ಸಾಲದು.

ನನ್ನ ಮಟ್ಟಿಗೆ ಈಗ ಹೆಚ್ಚು ಗಮನಿಸಬೇಕಾದದ್ದು ಪ್ರಯಾಣ. ಇಡೀ ಭಾರತಕ್ಕೆ ಒಂದೇ ಗಡಿಯಾರ. ಅಮೆರಿಕದ ಎರಡು ತೀರಗಳ ನಡುವೆ ಮೂರು ಗಂಟೆ ವ್ಯತ್ಯಾಸ. ಹಿಂದೆ ಕಾನ್ಫರೆನ್ಸುಗಳು ನೆರೆಹೊರೆಯ ರಾಜ್ಯಗಳ ಕೂಟಗಳಾಗಿದ್ದವು. 2024ರಲ್ಲಿ ಟಿ.ವಿ. ಹಣದ ಬೆನ್ನುಹತ್ತಿ ಪಶ್ಚಿಮ ತೀರದ ಸದರ್ನ್ ಕ್ಯಾಲಿಫೋರ್ನಿಯಾ, ಯುಸಿಎಲ್‌ಎ, ಆರೆಗನ್, ವಾಷಿಂಗ್ಟನ್ ತಂಡಗಳು ಮಧ್ಯಪಶ್ಚಿಮದ ಬಿಗ್ ಟೆನ್ ಸೇರಿದವು. ಆ ವರ್ಷ ಸದರ್ನ್ ಕ್ಯಾಲಿಫೋರ್ನಿಯಾ ಎದುರಾಳಿಯ ಮೈದಾನದಲ್ಲಿ ಐದು ಪಂದ್ಯ ಆಡಿತು. ಮಿಷಿಗನ್‌ನಲ್ಲಿ ಮೂರು, ಮಿನೆಸೊಟಾದಲ್ಲಿ ಏಳು, ಮೇರಿಲ್ಯಾಂಡ್‌ನಲ್ಲಿ ಒಂದು, ವಾಷಿಂಗ್ಟನ್‌ನಲ್ಲಿ ಐದು ಅಂಕಗಳಿಂದ ಸೋತಿತು. ಗೆದ್ದದ್ದು ಒಂದೇ ಕಡೆ: ತನ್ನದೇ ಮಹಾನಗರ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿರುದ್ಧ, ವಿಮಾನ ಹತ್ತದೆ. ಸಣ್ಣ ಅಂತರದ ಪಂದ್ಯಗಳಲ್ಲೇ ಎರಡೂವರೆ ಅಂಕ ಫಲಿತಾಂಶವನ್ನು ತಿರುಗಿಸುವುದು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಡ. ವಾಷಿಂಗ್ಟನ್ ಅದೇ ವರ್ಷ ತನ್ನ ಕ್ರೀಡಾಂಗಣದಲ್ಲಿ ಆರಕ್ಕೆ ಆರು ಗೆದ್ದು, ಹೊರಗೆ ಒಂದನ್ನೂ ಗೆಲ್ಲಲಿಲ್ಲ. ಇಲ್ಲಿ ಮಾತ್ರ ಎಚ್ಚರ ಬೇಕು: ಅವರು ಹೊರಗೆ ಎದುರಿಸಿದವರಲ್ಲಿ ಪೆನ್ ಸ್ಟೇಟ್, ಆರೆಗನ್, ಇಂಡಿಯಾನಾ ಇದ್ದವು, ಮೂರೂ ಆ ಸಲದ ಪ್ಲೇಆಫ್ ತಂಡಗಳು. ಇನ್ನು ಆರೆಗನ್ ಇದೇ ದೂರಗಳನ್ನು ಹಾರಿಕೊಂಡು ಹೋಗಿ ಆ ವರ್ಷದ ಲೀಗ್ ಹಂತದಲ್ಲಿ ಒಂದೂ ಸೋಲಲಿಲ್ಲ.

ತವರಿನ ಲಾಭ ಸತ್ತೇಹೋಯಿತು ಎಂಬ ಭಾವನೆ 2025ರಲ್ಲಿ ಹುಟ್ಟಿದ್ದಕ್ಕೆ ಕಾರಣಗಳಿದ್ದವು. ಸೆಪ್ಟೆಂಬರ್ 27ರ ಒಂದೇ ರಾತ್ರಿ ಎರಡು ಕೋಟೆಗಳು ಬಿದ್ದವು. ಪೆನ್ ಸ್ಟೇಟ್‌ನಲ್ಲಿ ಇಡೀ ಕ್ರೀಡಾಂಗಣ ಬಿಳಿ ಉಡುಪು ತೊಟ್ಟು ಬರುವ ಪ್ರಸಿದ್ಧ 'ವೈಟ್ ಔಟ್' ರಾತ್ರಿಯಲ್ಲೇ ಆರೆಗನ್ ಹೆಚ್ಚುವರಿ ಅವಧಿಯಲ್ಲಿ 30-24ರಿಂದ ಗೆದ್ದಿತು. ಸತತ 33 ತವರು ಪಂದ್ಯ ಗೆದ್ದಿದ್ದ ಜಾರ್ಜಿಯಾ, ಅಲಬಾಮಾಗೆ 21-24ರಿಂದ ಸೋತಿತು. ಅಕ್ಟೋಬರ್‌ನಲ್ಲಿ ಇಂಡಿಯಾನಾ ಆರೆಗನ್‌ಗೇ ಹೋಗಿ ಗೆದ್ದಿತು. ಇವರೆಲ್ಲ ಗೆದ್ದದ್ದು ಮೂರರಿಂದ ಹತ್ತು ಅಂಕಗಳಿಂದ, ಮತ್ತು ಗೆದ್ದವರೆಲ್ಲ ನಿಜಕ್ಕೂ ಬಲಿಷ್ಠರು. ಆಟಗಾರರು ಸುಲಭವಾಗಿ ತಂಡ ಬದಲಿಸಬಹುದಾದ, ಅವರಿಗೆ ಹಣ ಕೊಡಬಹುದಾದ ಈ ಕಾಲದಲ್ಲಿ ಒಳ್ಳೆಯ ಆಟಗಾರರು ಹೆಚ್ಚು ತಂಡಗಳಿಗೆ ಹಂಚಿಹೋಗಿದ್ದಾರೆ. ಮೊದಲು ದೊಡ್ಡ ಮೈದಾನಕ್ಕೆ ಬಂದು ಸೋಲುತ್ತಿದ್ದ ಅತಿಥಿ ಈಗ ಸರಿಸಮಾನನಾಗಿ ಬರುತ್ತಿದ್ದಾನೆ. 1985ರಿಂದ 1994ರವರೆಗೆ ಮಯಾಮಿ ತವರಿನಲ್ಲಿ ಸತತ 58 ಗೆದ್ದದ್ದು ಮೈದಾನದ ಬಲದಿಂದಲ್ಲ, ಆ ತಂಡ ಎಲ್ಲರಿಗಿಂತ ಎಷ್ಟೋ ಮುಂದಿದ್ದುದರಿಂದ. ಅಂಥ ಸರಣಿಗಳು ವಿರಳವಾಗುತ್ತಿರುವುದನ್ನು ಕಂಡು ಮೈದಾನಕ್ಕೆ ಶಕ್ತಿ ಹೋಯಿತು ಎನ್ನುವುದು ತಪ್ಪು ಓದು.

ಹನ್ನೆರಡು ತಂಡಗಳ ಪ್ಲೇಆಫ್‌ನ ಮೊದಲ ಸುತ್ತು ಕ್ಯಾಂಪಸ್ ಮೈದಾನಗಳಲ್ಲಿ ನಡೆಯುತ್ತದೆ. 2024ರಲ್ಲಿ ನಾಲ್ಕೂ ಆತಿಥೇಯರು ಗೆದ್ದರು, ಎಲ್ಲವೂ ಹತ್ತು ಅಥವಾ ಹೆಚ್ಚು ಅಂಕಗಳಿಂದ. 2025ರಲ್ಲಿ ಇಬ್ಬರು ಗೆದ್ದು ಇಬ್ಬರು ಸೋತರು. ಎಂಟರಲ್ಲಿ ಆರು. ಅದೂ ಆತಿಥ್ಯ ಸಿಗುವುದು ಉನ್ನತ ಶ್ರೇಯಾಂಕದವರಿಗೇ ಆದ್ದರಿಂದ, ಈ ಆರರಲ್ಲಿ ಮೈದಾನದ ಪಾಲು ಎಷ್ಟು ಎಂದು ಬೇರ್ಪಡಿಸಲಾಗದು. ನನಗೆ ವಿಚಿತ್ರವೆನಿಸುವುದು ಬೇರೆ: ಮೊದಲ ನಾಲ್ಕು ಶ್ರೇಯಾಂಕದವರಿಗೆ ವಿಶ್ರಾಂತಿ ಕೊಟ್ಟು, ಅವರ ಪಂದ್ಯವನ್ನು ತಟಸ್ಥ ಮೈದಾನಕ್ಕೆ ಒಯ್ಯುತ್ತಾರೆ. ಐದನೆಯವನಿಗೆ ಸಿಗುವ ತವರಿನ ಪಂದ್ಯ ಮೊದಲನೆಯವನಿಗಿಲ್ಲ. ಎರಡು ವರ್ಷಗಳಲ್ಲಿ ಹೀಗೆ ವಿಶ್ರಾಂತಿ ಪಡೆದ ಎಂಟು ತಂಡಗಳಲ್ಲಿ ಕ್ವಾರ್ಟರ್ ಫೈನಲ್ ಗೆದ್ದದ್ದು ಇಂಡಿಯಾನಾ ಒಂದೇ. ಕ್ವಾರ್ಟರ್ ಫೈನಲ್‌ಗಳನ್ನೂ ಕ್ಯಾಂಪಸ್‌ಗೆ ತರಬೇಕು ಎಂಬ ವಾದಕ್ಕೆ ನನ್ನ ಮತವಿದೆ.

ನಿಮ್ಮ ಮನೆಯ ಆಟಕ್ಕೆ ಬರೋಣ. ಒಂದೇ ಪ್ರದೇಶದ ಎರಡು ತಂಡಗಳಾದರೆ ಆತಿಥೇಯರಿಗೆ ಎರಡು ಅಂಕ ಸೇರಿಸಿ. ಅತಿಥಿ ಎರಡು ಅಥವಾ ಮೂರು ಗಂಟೆಗಳ ಕಾಲವಲಯ ದಾಟಿ ಬಂದಿದ್ದರೆ ಮೂರು. ಅದರ ಮೇಲೆ ರಾತ್ರಿ ಪಂದ್ಯ, ತುಂಬಿದ ಕಡಿದಾದ ಕ್ರೀಡಾಂಗಣ, ಅನುಭವವಿಲ್ಲದ ಕ್ವಾರ್ಟರ್‌ಬ್ಯಾಕ್ ಸೇರಿದರೆ ಮೂರೂವರೆ. ನಾಲ್ಕು ದಾಟಬೇಡಿ. ಕ್ಯಾಂಪಸ್‌ನಿಂದ ದೂರದ ಪ್ಯಾಸಡೀನಾದ ರೋಸ್ ಬೌಲ್‌ನಲ್ಲಿ ಅರ್ಧ ಖಾಲಿ ಆಸನಗಳ ನಡುವೆ ಆಡುವ ಯುಸಿಎಲ್‌ಎಗೆ ಒಂದು ಸಾಕು, ಪ್ರಯಾಣದ ಲೆಕ್ಕ ಬೇರೆ. ಟೆಕ್ಸಾಸ್ ಮತ್ತು ಓಕ್ಲಹೋಮಾ ಡಲ್ಲಾಸ್‌ನ ಕಾಟನ್ ಬೌಲ್‌ನಲ್ಲಿ ಎದುರಾದಾಗ ಸೊನ್ನೆ. ಅಲ್ಲಿ ಆಸನಗಳನ್ನು ಐವತ್ತು ಗಜದ ಗೆರೆಯಲ್ಲಿ ಎರಡು ಪಾಲು ಮಾಡಿ ಎರಡೂ ಕಡೆಯವರಿಗೆ ಹಂಚುತ್ತಾರೆ. ಮತ್ತು ಸೆಪ್ಟೆಂಬರ್‌ನ ಚೆಕ್ಕಿನ ಪಂದ್ಯಗಳಿಗೆ ಈ ಲೆಕ್ಕವನ್ನೇ ಹಚ್ಚಬೇಡಿ. ಅಲ್ಲಿ ಮೂವತ್ತು ಅಂಕಗಳ ಅಂತರವನ್ನು ತೀರ್ಮಾನಿಸುವುದು ಆಟಗಾರರು. ನಿಮ್ಮ ಎರಡೂವರೆ ಅಂಕ ಅದರಲ್ಲಿ ಎಲ್ಲಿ ಸೇರಿತೆಂದೇ ಗೊತ್ತಾಗುವುದಿಲ್ಲ.